ಸೊಲ್ಲಾಪುರದ ನೂಲಿನ ಗಂಟು

"ನಮ್ಮ ಕೆಲಸದಾಕಿ ನಜಮಾನ್ನ ಇವತ್ತ ತಗದು ಹಾಕ್ತೇನ್ರಿ. ಅದಕ್ಕೂ ಮೊದಲು ನೀವೊಮ್ಮೆ ಬಂದು ನೋಡ್ರಿ," ಎಂದು ರುಕ್ಮವ್ವ ಬಾಗಿಲಲ್ಲಿ ನಿಂತಾಗ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಆಗ ಎಪ್ಪತ್ನಾಲ್ಕನೇ ಇಸವಿ. ಹಣಮಂತ್ರಾಯ ಪೊಲೀಸ್ ಜಮಾದಾರನಾಗಿ ನಿವೃತ್ತನಾದವನು. ನಮ್ಮ ಇಂಡಿ ಊರಲ್ಲಿ ಏನು ಕಳುವಾದರೂ ಜನ ಅವನ ಬಾಗಿಲಿಗೇ ಬರುತ್ತಿದ್ದರು. ನಾನು ಸೈಕಲ್ ರಿಪೇರಿಯ ಶ್ರೀಶೈಲಪ್ಪ. ಇಬ್ಬರಿಗೂ ಹೆಂಡತಿ ಇಲ್ಲ, ಅದಕ್ಕೇ ಒಂದೇ ಒಲೆ. ರೊಟ್ಟಿ ಬಡಿಯುವ ಕರ್ಮ ನನ್ನದು, ಅದಕ್ಕೆ ಹೆಸರಿಡುವ ಕೆಲಸ ಅವನದು.

ರುಕ್ಮವ್ವ ಲಾಡಿ, ಗೊಂಡೆ, ತೊಟ್ಟಿಲ ಹಗ್ಗ ಹೆಣೆಸಿ ಮಾರುವ ವಿಧವೆ. ಗಿರಣಿಯ ಸಗಟು ನೂಲು ಹುಡುಕಿ ಮುದ್ದೇಬಿಹಾಳ, ಬಸವನ ಬಾಗೇವಾಡಿ ಅಲೆದಿದ್ದಳು. ಇಷ್ಟು ಸಣ್ಣ ಗಿರಾಕಿ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಸೊಲ್ಲಾಪುರದ ವ್ಯಾಪಾರಿಯೊಬ್ಬ ಒಪ್ಪಿ ಮೊದಲ ಗಂಟು ಕಳಿಸಿದ. ಅವಳು ಸಿಂದಗಿಗೆ ಹೋಗಿದ್ದಾಗ ಅಮೋಘಸಿದ್ಧ ತನ್ನ ಗಾಡಿಯಲ್ಲಿ ಅದನ್ನು ಸ್ಟೇಷನ್ನಿನಿಂದ ತಂದ. ಕೆಲಸದ ನಜಮಾ ಒಳಗಿಡಿಸಿ ಕೀಲಿ ಹಾಕಿದಳು. ರುಕ್ಮವ್ವ ಬಂದು ಬಿಚ್ಚಿದರೆ ಒಳಗೆ ಬರೀ ಪುಂಡಿ ನಾರು!

"ನೂಲಿಲ್ಲಂದ್ರ ಸಿಂದಗಿ ಆರ್ಡರ್ ಹೋತ್ರಿ. ಅದು ಹೋದ್ರ ನನ್ನ ಬಾಗಲಾ ಮುಚ್ಚಿದಂಗ."

"ಕೀಲಿಕೈ ಎಲ್ಲಿತ್ತು?" ಎಂದ ಹಣಮಂತ್ರಾಯ.

"ಓಣಿ ತುದಿಗೆ, ಲಾಲಬಿ ಅಜ್ಜಿ ಮನ್ಯಾಗ. ನಾ ಊರಿಗೆ ಹೋದಾಗೆಲ್ಲ ಅಲ್ಲೇ ಇರ್ತೈತ್ರಿ."

ರುಕ್ಮವ್ವನ ಮನೆತುಂಬ ಬಣ್ಣದ ನೂಲಿನ ಲಡಿಗಳು ಒಣಗುತ್ತಿದ್ದವು. ಬಿಳಿಯದು ಒಂದೆಳೆಯೂ ಇರಲಿಲ್ಲ. ಹಣಮಂತ್ರಾಯ ಗಂಟಿನ ಗೋಣಿತಟ್ಟನ್ನು ಬೆಳಕಿಗೆ ಹಿಡಿದ. ಒಂದು ಬದಿ ಸೆಣಬಿನ ಸುತಳಿಯ ಒರಟು ಹೊಲಿಗೆ, ಇನ್ನೊಂದು ಬದಿ ಬಿಳಿ ಹತ್ತಿ ದಾರದ ಒಪ್ಪ ಹೊಲಿಗೆ. ಆ ದಾರವನ್ನು ಬೆರಳಲ್ಲಿ ಬಲಕ್ಕೆ ಹೊಸೆದ. ಬಿಗಿಯಾಗುವ ಬದಲು ಬಿಚ್ಚಿಕೊಂಡಿತು. "ಹ್ಞೂಂ" ಎಂದನಷ್ಟೆ. ಅವನ ಆ ಹ್ಞೂಂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಲ್ಲಿಂದ ಲಾಲಬಿಯ ಮನೆಗೆ ಹೋದೆವು. ಇಷ್ಟು ವರ್ಷ ಪ್ರತಿ ಶುಕ್ರವಾರ ರುಕ್ಮವ್ವ ನೂಲು ಕೊಳ್ಳುತ್ತಿದ್ದುದು ಈ ಒಂಟಿ ಮುದುಕಿಯಿಂದಲೇ. ಅವಳು ಎಡಗೈಯಲ್ಲಿ ನೂಲುವ ತಕಲಿ ತಿರುಗಿಸುತ್ತ ಕೂತಿದ್ದಳು. ಎದ್ದು ಬಲಗೈಯಲ್ಲಿ ಚಹಾ ಕೊಟ್ಟಳು. ಕುಡಿದು ಏಳಹೊರಟರೆ, "ಇನ್ನೊಂದೀಟು ಕೂಡ್ರಪಾ, ಏನ್ ಅವಸರ," ಎಂದು ಮತ್ತೆ ಮತ್ತೆ ಕೂರಿಸಿದಳು.

ಸಂಜೆ ಹಣಮಂತ್ರಾಯ ರುಕ್ಮವ್ವನ ಪಡಸಾಲೆಯಲ್ಲಿ ಎಲ್ಲರನ್ನೂ ಸೇರಿಸಿದ. ಅತ್ತು ಅತ್ತು ನಜಮಾಳ ಮುಖ ಬಾತಿತ್ತು.

"ಸೊಲ್ಲಾಪುರದಾಗ ನಾರು ತುಂಬಿದ್ರ ಎರಡೂ ಕಡೆ ಸುತಳೀನೇ ಇರ್ತಿತ್ತು. ಹಂಗಾಗಿ ವ್ಯಾಪಾರಿ ಅಲ್ಲ, ಬಿಚ್ಚಿದ್ದು ಇಲ್ಲೇ," ಎಂದ ಹಣಮಂತ್ರಾಯ. "ಅಮೋಘಸಿದ್ಧನ ಗಾಡಿತುಂಬ ಸುತಳಿ ಐತಿ, ಅಂವಾ ಹತ್ತಿ ದಾರ ಯಾಕ ಹುಡಕ್ತಾನ? ನಜಮಾನ ಕೈಗೆ ಸಿಗೋದು ಬಣ್ಣದ ದಾರ. ಇದು ಬಣ್ಣ ಕಾಣದ ಬಿಳೀ ದಾರ, ಅದೂ ಕೈಯಾಗ ನೂತದ್ದು. ಇದರ ಹುರಿ ಎಲ್ಲಾರ ನೂಲಿಗೂ ಉಲ್ಟಾ ಐತಿ. ಎಡಗೈಲೆ ನೂತ್ರಷ್ಟ ಹಿಂಗಾಗ್ತೈತಿ. ನೂಲೋ ಕೈ, ಮಂದಿ ದಾರ ಮುಟ್ಟಾಕ ಮನಸಾಗಲಿಲ್ಲ." ಆಮೇಲೆ ದನಿ ಇಳಿಸಿ, "ಹೌದಿಲ್ಲೋ, ಲಾಲಬೀ?" ಎಂದ.

ಮುದುಕಿ ರುಕ್ಮವ್ವನನ್ನೇ ನೋಡುತ್ತಿದ್ದಳು.

"ಮಾರಿಲ್ಲವಾ. ಪೆಟಗ್ಯಾಗ ಬೇವಿನ ತಪ್ಪಲ ಹಾಕಿ ಜ್ವಾಕಿ ಇಟ್ಟೇನಿ. ಗಿರಣಿ ನೂಲು ಬಂತಂದ್ರ ಶುಕ್ರವಾರ ನೀ ಯಾಕ ಬರ್ತಿ? ನನ್ನ ಮನಿಗೆ ಮತ್ಯಾರು ಬರ್ತಾರ?"

ರುಕ್ಮವ್ವ ನಜಮಾಳ ಕೈ ಹಿಡಿದು, "ತಪ್ಪಾತವಾ," ಎಂದಳು. ಪೆಟ್ಟಿಗೆಯಿಂದ ನೂಲು ತರಿಸಿಕೊಂಡಳು. ಲಾಲಬಿಯ ಕಡೆ ತಿರುಗಿಯೂ ನೋಡದೆ ಒಳಗೆ ಹೋದಳು.

ಮನೆಗೆ ಬರುತ್ತ ನಾನು ರೇಗಿದೆ. "ನೂಲಷ್ಟ ಹುಡುಕಿ ಕೊಟ್ಟು ಬಾಯಿ ಮುಚ್ಕೊಂಡಿದ್ರ ನಿನ್ನ ಗಂಟೇನು ಹೋಗತಿತ್ತೋ?"

"ನಜಮಾನ ಹೆಸರು ಹೋಗತಿತ್ತೋ, ಶ್ರೀಶೈಲ್ಯಾ," ಎಂದ. ಆ ರಾತ್ರಿ ನನ್ನ ರೊಟ್ಟಿಗೆ ಅವನು ಹೆಸರಿಡಲಿಲ್ಲ.

ಶುಕ್ರವಾರ ತಾನೇ ಅಂಗಿ ತೊಟ್ಟು ಹೊರಟ. "ಬಾ, ಒಂದು ಲಡಿ ನೂಲು ತರೂಣು."

"ನಮಗ್ಯಾಕೋ ನೂಲು?"

"ಗುಂಡಿ ಹಚ್ಚಾಕ."

ಲಾಲಬಿ ನಮಗೆ ಚಹಾ ಕೊಟ್ಟಳು. ಓಣಿಯಲ್ಲಿ ಯಾರ ಹೆಜ್ಜೆ ಸಪ್ಪಳವಾದರೂ ತಕಲಿ ನಿಲ್ಲಿಸಿ ಬಾಗಿಲ ಕಡೆ ನೋಡುತ್ತಿದ್ದಳು. ಹೊತ್ತು ಮುಳುಗಿತು, ರುಕ್ಮವ್ವ ಬರಲಿಲ್ಲ. ನಾವು ಏಳುವಾಗ ಒಲೆಯ ಪಕ್ಕ ಇನ್ನೊಂದು ಕಪ್ಪಿನಲ್ಲಿ ಚಹಾ ಇತ್ತು, ಆರದಿರಲೆಂದು ಮೇಲೊಂದು ಬಸಿ ಮುಚ್ಚಿದ್ದಳು.