ಇಂದುಮತಿ ಟೀಚರ ತಡೆಬಳೆ

ಇಂದುಮತಿ ಹಡಪದ ಅವರ ಮುಂಗೈಯ ತಡೆಬಳೆ ಆ ಬೆಳಿಗ್ಗೆಯೂ ಗುಂಯ್‌ಗುಟ್ಟಿತು. ಗದಗ ಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆ, ಎಂಟನೆಯ ತರಗತಿ, ಗಣಿತದ ಅವಧಿ. “ತ್ರಿಕೋನದ ಮೂರೂ ಕೋನ ಕೂಡಿಸಿದ್ರ ಎಷ್ಟಾಗತೈತಿ?” ಎಂದು ಕೇಳಿದವರು ಉಸಿರು ತೆಗೆದುಕೊಳ್ಳುವಷ್ಟೂ ಕಾಯದೆ, “ನೂರಾ ಎಂಬ...” ಎಂದು ತಾವೇ ಎಳೆದರು. “ತ್ತು” ಎಂದು ಇಡೀ ತರಗತಿ ರಾಗವಾಗಿ ಮುಗಿಸಿತು. ಬಳೆ ಕೆಂಪಾಯಿತು.

ಉತ್ತರದ ತಲೆಯನ್ನು ಮೇಷ್ಟರು ಹಿಡಿಯುವುದು, ಬಾಲವನ್ನು ಮಕ್ಕಳು ಹಿಡಿಯುವುದು ನಮ್ಮ ಶಾಲೆಗಳ ಹಳೆಯ ಒಪ್ಪಂದ. ಇದರಲ್ಲಿ ಇಬ್ಬರಿಗೂ ಸುಖವಿದೆ, ಇಬ್ಬರೂ ಯೋಚಿಸಬೇಕಾಗಿಲ್ಲ. ಮಕ್ಕಳೇ ಹುಡುಕಿ ಕಲಿಯುವ ಅನ್ವೇಷಣಾ ಬೋಧನೆ ಕಡ್ಡಾಯವಾದಾಗ ಈ ಒಪ್ಪಂದವನ್ನು ಮುರಿಯಲೆಂದೇ ಶಿಕ್ಷಣ ಇಲಾಖೆಯ ಡಾ. ಮುಕುಂದ ಐತಾಳರು ತಡೆಬಳೆಯನ್ನು ರೂಪಿಸಿದ್ದರು. ಮಾತು ನಾಲಿಗೆಗೆ ಬರುವ ಮೊದಲೇ ಗಂಟಲ ಸ್ನಾಯುಗಳು ಅದಕ್ಕೆ ಸಜ್ಜಾಗುತ್ತವೆ. ಆಗ ಅಲ್ಲಿ ಏಳುವ ಸೂಕ್ಷ್ಮ ವಿದ್ಯುತ್ತಿಗೆ ಅವರು ‘ನುಡಿಮುನ್ಸೂಚನೆ’ ಎಂದು ಹೆಸರಿಟ್ಟರು. ಕುತ್ತಿಗೆಗೆ ಅಂಟಿಸಿದ ತೆಳುಪಟ್ಟಿ ಅದನ್ನು ಹಿಡಿದು ಬಳೆಗೆ ಕಳಿಸುತ್ತಿತ್ತು. ಉತ್ತರ ಇಡಿಯಾಗಿ ಬರಲಿ, ಅರ್ಧ ಬರಲಿ, ಗಂಟಲಿಗೆ ಬಂದರೆ ಸಾಕು, ಬಳೆ ನಡುಗಿ ಕೆಂಪಾಗುತ್ತಿತ್ತು; ಬೇರೆ ಮಾತಿಗೆ ಹಸಿರಾಗಿಯೇ ಇರುತ್ತಿತ್ತು.

ವರ್ಷದ ಕೊನೆಗೆ ಬಳೆ ಹೆಚ್ಚು ಕೆಂಪಾದವರು ತರಗತಿ ಬಿಟ್ಟು ಕಚೇರಿಯ ಕೆಲಸಕ್ಕೆ ಹೋಗಬೇಕಿತ್ತು. ಇಂದುಮತಿ ಅವರಿಗೆ ಪಾಠ ಮಾಡುವುದೆಂದರೆ ಜೀವ. ಕಚೇರಿಯ ಕುರ್ಚಿ ನೆನೆದರೆ ಊಟ ಸೇರುತ್ತಿರಲಿಲ್ಲ. ಬಾಯಲ್ಲಿ ಲವಂಗ ಇಟ್ಟುಕೊಂಡು ನೋಡಿದರು, ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡು ನೋಡಿದರು. ಮಗ್ಗಿಗೂ ಬಳೆ ಗುಂಯ್‌ಗುಟ್ಟಿತು.

ಐತಾಳರು ಶಾಲೆಗೆ ಬಂದಾಗ ಇಂದುಮತಿ ನೇರವಾಗಿ ಕೇಳಿದರು: “ಸರ್, ಉತ್ತರ ಗೊತ್ತಿದ್ದ ಮ್ಯಾಲ ಗಂಟಲಿಗೆ ಸುಮ್ಕಿರು ಅಂತ ಹೆಂಗ ಹೇಳೂದ್ರಿ?”

“ಅಭ್ಯಾಸದಿಂದ ಬರ್ತದೆ ಟೀಚರ್,” ಎಂದರು ಐತಾಳರು. “ಉತ್ತರ ಹೇಳುವ ಆಸೆ ಸೀನಿನ ಹಾಗೆ. ತಡೆಯಲಿಕ್ಕೆ ಆಗ್ತದೆ.”

“ಸೀನು ತಡದ್ರ ಕಣ್ಣಾಗ ನೀರು ಬರತಾವ್ರಿ,” ಎಂದು ಇಂದುಮತಿ ಹಾಜರಿ ಪುಸ್ತಕ ಹಿಡಿದು ತರಗತಿಗೆ ಹೊರಟುಬಿಟ್ಟರು.

ಆ ವಾರವೇ ರೇಷ್ಮಾ ನದಾಫ್ ಎಂಬ ಹುಡುಗಿ ಎದ್ದು ನಿಂತಳು. “ಟೀಚರ್, ಒಂಬತ್ತು ಅಂದ್ರ ನಾಕು ಕೂಡಸು ಐದು. ಆರು ಅಂದ್ರ ಒಂದು, ಎರಡು, ಮೂರು. ಹಿಂಗ ಒಂದರ ಹಿಂದೊಂದು ಬರೂ ಸಂಖ್ಯೆ ಕೂಡಿಸಿ ಎಂಟು ಮಾಡಾಕ ಹೋದ್ರ ಆಗವಲ್ದು. ಯಾಕ್ರಿ?”

ಇಂದುಮತಿ ಬಾಯಿ ತೆರೆದರು. ಏನೂ ಬರಲಿಲ್ಲ. ಬಳೆಯೂ ಸುಮ್ಮನಿತ್ತು, ಹಸಿರಾಗಿ ಹೊಳೆಯುತ್ತಿತ್ತು. “ನನಗೂ ಗೊತ್ತಿಲ್ಲವಾ,” ಎಂದರು. ತಮ್ಮ ತರಗತಿಯಲ್ಲಿ ಈ ಮಾತನ್ನು ಅವರು ಹಿಂದೆಂದೂ ಆಡಿದವರಲ್ಲ. ನಾಚಿಕೆಯಾಯಿತು, ಅದರ ಬೆನ್ನಿಗೇ ವಿಚಿತ್ರವಾದ ಹಗುರವೂ ಆಯಿತು. ಮಕ್ಕಳು ಬಳಪ ಹಿಡಿದು ನೆಲಕ್ಕೆ ಇಳಿದರು. ಎರಡು ಆಗುವುದಿಲ್ಲ, ನಾಲ್ಕು ಆಗುವುದಿಲ್ಲ, ಹದಿನಾರೂ ಆಗುವುದಿಲ್ಲ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಇಂದುಮತಿಯೂ ಸೆರಗು ಸಿಕ್ಕಿಸಿಕೊಂಡು ಅವರ ನಡುವೆ ಕೂತಿದ್ದರು. ಕೆಲವು ದಿನಗಳ ಜಗಳದ ಬಳಿಕ ಕಾರಣ ಸಿಕ್ಕಿತು: ಹಾಗೆ ಕೂಡಿಸಿ ಬಂದ ಮೊತ್ತವನ್ನು ಒಂದಕ್ಕಿಂತ ದೊಡ್ಡದಾದ ಯಾವುದಾದರೂ ಬೆಸಸಂಖ್ಯೆ ಭಾಗಿಸಲೇಬೇಕು, ಎಂಟನ್ನು ಅಂಥ ಯಾವ ಬೆಸಸಂಖ್ಯೆಯೂ ಭಾಗಿಸದು.

ಬಳೆಯ ಗುಟ್ಟು ಹೀಗೆ ಬಯಲಾಯಿತು. ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಿದರೆ ಬಳೆ ಸುಮ್ಮನಿರುತ್ತದೆ. ಸುದ್ದಿ ತಾಲ್ಲೂಕಿಗೆಲ್ಲ ಹರಡಿತು. ಶನಿವಾರದ ಸಭೆಗಳಲ್ಲಿ ಬೋಂಡ ತಿಂದು ಎದ್ದುಹೋಗುತ್ತಿದ್ದ ಗಣಿತದ ಶಿಕ್ಷಕರು ಈಗ ತಮಗೆ ಗೊತ್ತಿಲ್ಲದ್ದನ್ನು ಹುಡುಕಿ ತರಲು ಪೈಪೋಟಿಗೆ ಬಿದ್ದರು. ಯಾರಾದರೂ ಉತ್ತರ ಹೇಳಹೊರಟರೆ ಉಳಿದವರು ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಚೇರಿಯ ಕುರ್ಚಿಯಿಂದ ತಪ್ಪಿಸಿಕೊಳ್ಳಲು ಶುರುವಾದ ಈ ಕಳ್ಳಾಟದಲ್ಲಿ ಅವರೆಲ್ಲ ಮತ್ತೆ ಗಣಿತ ಮಾಡತೊಡಗಿದ್ದು ಅವರಿಗೇ ಗೊತ್ತಾಗಲಿಲ್ಲ.

ವರ್ಷದ ಕೊನೆಯ ತಪಾಸಣೆಗೆ ಐತಾಳರೇ ಬಂದರು. ಕಳ್ಳಾಟದ ವಾಸನೆ ಅವರಿಗೂ ಹತ್ತಿತ್ತು. ಪಾಠ ಮಾಡಲು ಇಂದುಮತಿ ಅವರನ್ನು ಎಂಟನೆಯ ತರಗತಿಯ ಇನ್ನೊಂದು ವಿಭಾಗಕ್ಕೆ ಐತಾಳರು ಕರೆದೊಯ್ದರು, ತಾವು ಹಿಂದಿನ ಬೆಂಚಿನಲ್ಲಿ ಕೂತರು. ಅಲ್ಲಿ ಗಂಗವ್ವ ಎಂಬ ಹುಡುಗಿ ಎದ್ದು ಕೇಳಿದ್ದು ರೇಷ್ಮಾಳ ಅದೇ ಪ್ರಶ್ನೆ: “ಒಂದರ ಹಿಂದೊಂದು ಬರೂ ಸಂಖ್ಯೆ ಕೂಡಿಸಿದ್ರ ಹದಿನಾರು ಯಾಕ ಬರಂಗಿಲ್ರಿ ಟೀಚರ್?”

ಉತ್ತರ ಇಂದುಮತಿ ಅವರಿಗೆ ಅಂಗೈ ಗೆರೆಯಷ್ಟು ಪರಿಚಿತ. ಇನ್ನು ಬಳೆ ಕೆಂಪಾದಂತೆಯೇ ಎಂದುಕೊಂಡರು. ಆದರೆ ಹುಡುಗಿಯ ಹಾಳೆಯ ಮೇಲೆ ಚುಕ್ಕೆಗಳ ಮೆಟ್ಟಿಲಿತ್ತು. ರೇಷ್ಮಾ ಹಿಡಿದ ದಾರಿ ಅದಾಗಿರಲಿಲ್ಲ. ಇಂದುಮತಿ ಹತ್ತಿರ ಹೋಗಿ ಅವಳ ಬೆಂಚಿನ ತುದಿಗೆ ಕೂತು ಬಗ್ಗಿ ನೋಡಿದರು. “ಈ ಮೆಟ್ಟಿಲಾ ಯಾಕ ಹಾಕೀಯವಾ?” ಎಂದು ಕೇಳಿ ಕಾದರು. ಬಳೆ ಹಸಿರಾಗಿಯೇ ಇತ್ತು.

ಬಳೆ ಕೆಟ್ಟಿದೆ ಎಂದುಕೊಂಡ ಐತಾಳರು ಹೋಲಿಸಿ ನೋಡಲೆಂದು ಚೀಲದಿಂದ ಇನ್ನೊಂದು ಬಳೆ ತೆಗೆದು ತಮ್ಮ ಕೈಗೆ ತೊಟ್ಟು, ಅದರ ಪಟ್ಟಿಯನ್ನು ತಮ್ಮ ಕುತ್ತಿಗೆಗೆ ಅಂಟಿಸಿಕೊಂಡು ಮುಂದೆ ಬಂದರು. “ಟೀಚರ್, ಇದರ ಉತ್ತರ ನಿಮಗೆ ಗೊತ್ತುಂಟಲ್ಲ. ಮತ್ತೆ ಬಳೆ ಯಾಕೆ ಸುಮ್ಮನಿದೆ?” ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ನನ್ನ ಉತ್ತರ ನನಗ ಗೊತ್ತೈತ್ರಿ ಸರ್,” ಎಂದರು ಇಂದುಮತಿ. “ಈಕೀದು ಗೊತ್ತಿಲ್ಲಲ್ರಿ.”

ಗಂಗವ್ವ ಚುಕ್ಕೆಗಳನ್ನು ಮತ್ತೆ ಎಣಿಸುತ್ತ ಒಂದು ಮೆಟ್ಟಿಲಿನ ಬಳಿ ತಡವರಿಸಿದಳು. ಐತಾಳರು ಅವಳ ಹಾಳೆಯ ಮೇಲೆ ಬಗ್ಗಿದರು. ಅವರ ಕೈಯ ಬಳೆ ಗುಂಯ್‌ಗುಟ್ಟಿತು, ಕೆಂಪಾಯಿತು. ತರಗತಿಯೆಲ್ಲ ತಿರುಗಿ ನೋಡಿತು.

“ಸರ್,” ಎಂದು ಇಂದುಮತಿ ಮೆಲ್ಲಗೆ ಬೆಂಚಿನ ತುದಿ ಬಿಟ್ಟುಕೊಟ್ಟರು, “ಇಲ್ಲೇ ಕೂಡ್ರಿ. ಆಕಿ ಹೇಳತಾಳ.”

ಐತಾಳರು ಬಳೆಯನ್ನು ಅಂಗೈಯಿಂದ ಮುಚ್ಚಿಕೊಂಡು ಕೂತರು.