ಹೋಲ್ಡಾನ್, ಯಲವಕುಂಟೆ

ಕಂಡಕ್ಟರ್ ಚನ್ನರಾಯಪ್ಪನ ಜೊತೆ ಶಾಮಲಾ ಆಡಿದ ಮೊದಲ ಮಾತೇ ಬೈಗುಳ.

"ನಿಮ್ಮ ಬಸ್ಸಿಗೆ ಕಣ್ಣಿಲ್ವೇನ್ರೀ? ದಿನಾ ಕೈ ತೋರಿಸ್ತೀವಿ, ದಿನಾ ಮುಖಕ್ಕೆ ಧೂಳು ಹೊಡ್ಕೊಂಡು ಹೋಗ್ತೀರ!"

ಅವತ್ತು ಕುರಿಮಂದೆ ಅಡ್ಡ ಬಂದು ಕೋಲಾರದ ಎಕ್ಸ್‌ಪ್ರೆಸ್ ಯಲವಕುಂಟೆಯ ಹುಣಸೆಮರದ ಹತ್ತಿರ ನಿಂತಿತ್ತು. ನಿಂತಿದ್ದೇ ತಡ, ಶಾಮಲಾ ಹತ್ತಿಬಿಟ್ಟಳು. ಹಿಂದೆಯೇ ಅವಳ ಸೋದರತ್ತೆ ಮುನಿಗಂಗಮ್ಮ, ಕೊತ್ತಂಬರಿ ಬುಟ್ಟಿ, ಬೀನ್ಸ್ ಮೂಟೆ, ಸಂತೆಗೆ ಹೊರಟ ಇನ್ನಷ್ಟು ಹೆಂಗಸರು.

"ಇಲ್ಲಿ ಸ್ಟಾಪ್ ಇಲ್ಲ. ಇಳೀರಿ" ಎಂದ ಕಂಡಕ್ಟರ್.

"ಇಳಿಯಲ್ಲ. ಅದೇನ್ ಮಾಡ್ತೀರೋ ಮಾಡಿ."

ಅವನು ಅವಳನ್ನು ಪೂರ್ತಿಯಾಗಿ ನೋಡಿದ. ಎದೆಗವುಚಿಕೊಂಡ ಟೈಪಿಂಗ್ ಪುಸ್ತಕ, ಕೆಂಪೇರಿದ ಮೂಗಿನ ತುದಿ, ಅರ್ಧ ಬಿಚ್ಚಿಹೋದ ಜಡೆ. ಅವನ ತುಟಿಯಂಚಿನಲ್ಲಿ ನಗು ಕಾಣಿಸಿಕೊಂಡಿತು. ಅದನ್ನು ಕಂಡು ಅವಳ ಸಿಟ್ಟು ಇನ್ನೂ ಹೆಚ್ಚಾಯಿತು.

"ಕೋಪ ನನ್ನ ಮೇಲೋ, ಬಸ್ಸಿನ ಮೇಲೋ?"

"ಇಬ್ರ ಮೇಲೂ!"

"ಹಂಗಾದ್ರೆ ಅರ್ಜಿ ಬರೀರಿ. ಇಲ್ಲಿ ಕೂಗಿದ್ರೆ ನನ್ನ ಕಿವಿ ನೋಯುತ್ತೆ ಅಷ್ಟೇ, ಕೋಲಾರದ ಆಫೀಸಿಗೆ ಕೇಳ್ಸಲ್ಲ." ಹಾಗೆಂದು ಬಾಗಿಲು ಬಡಿದು "ರೈಟ್!" ಎಂದ. ಎಲ್ಲರಿಗೂ ಹಿಂದಿನ ಸ್ಟಾಪಾದ ನಂಗಲಿಯಿಂದಲೇ ಪೂರ್ತಿ ಟಿಕೆಟ್ ಹರಿದ.

ಮುನಿಗಂಗಮ್ಮ ಟಿಕೆಟನ್ನು ಮಡಿಸಿ ಎಲೆಅಡಿಕೆ ಚೀಲಕ್ಕೆ ಸೇರಿಸಿದಳು. "ಸರ್ಕಾರಿ ಮುದ್ರೆ ಇರೋ ಕಾಗ್ದ ನಾಯನಾ, ಬಿಸಾಕ್ಬಾರ್ದು" ಎಂದಳು ಕಂಡಕ್ಟರಿಗೆ. ಯಲವಕುಂಟೆಯ ಹೆಂಗಸರೆಲ್ಲರೂ ಹಾಗೆಯೇ. ಓದಲು ಬರುವುದಿಲ್ಲ, ಆದರೆ ಮುದ್ರೆಯಿರುವ ಚೂರನ್ನೂ ಎಸೆಯುವುದಿಲ್ಲ.

ಅದು ಎಂಬತ್ತನಾಲ್ಕನೇ ಇಸವಿ. ಯಲವಕುಂಟೆ ಇರುವುದು ನಂಗಲಿಗೂ ಮುಳಬಾಗಿಲಿಗೂ ನಡುವೆ, ಹೆದ್ದಾರಿಯ ಮಗ್ಗುಲಲ್ಲೇ. ಮನೆಯ ಮುಂದೆಯೇ ಬಸ್ಸುಗಳು ಹೋಗುತ್ತವೆ, ಒಂದೂ ನಿಲ್ಲುವುದಿಲ್ಲ. ಮುಳಬಾಗಿಲಿಗೆ ಹೋಗಬೇಕಾದವರು ತಲೆಯ ಮೇಲೆ ಬುಟ್ಟಿ ಹೊತ್ತು ಹಿಂದಕ್ಕೆ ನಂಗಲಿಯವರೆಗೆ ನಡೆಯಬೇಕು. ರಸ್ತೆ ತುಂಬ ಮದ್ರಾಸಿನ ಲಾರಿಗಳು. ಹೋದ ದೀಪಾವಳಿಯ ಹೊತ್ತಿಗೆ ಒಂದು ಲಾರಿಯ ಕನ್ನಡಿ ಬಡಿದು ಮುನಿಗಂಗಮ್ಮನ ಎಡಗೈ ಮುರಿಯಿತು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಲಾರಿಯವನು ತಿರುಗಿಯೂ ನೋಡಲಿಲ್ಲ. ಅತ್ತೆ ಆ ಕೈಯಲ್ಲಿ ಮುದ್ದೆ ತಿರುವಲು ಒದ್ದಾಡುವುದನ್ನು ಕಂಡಾಗಲೆಲ್ಲ ಶಾಮಲಾಗೆ ಯಾರನ್ನಾದರೂ ಹಿಡಿದು ಹೊಡೆಯಬೇಕೆನಿಸುತ್ತಿತ್ತು.

ಮರುದಿನ ಬಸ್ಸು ಕಂಡಾಗ ಅವಳು ಕೈ ಎತ್ತಿದ್ದು ಬೈಯಲೆಂದೇ. ಒಳಗಿಂದ "ಹೋಲ್ಡಾನ್!" ಎಂದು ಕೂಗು ಕೇಳಿಸಿತು. ಬಸ್ಸು ನಿಂತಿತು. ಅದರ ಮರುದಿನವೂ ನಿಂತಿತು.

"ಇವತ್ತು ಬೈಯೋದಿಲ್ವಾ?" ಅವನು ಟಿಕೆಟ್ ಕೊಡುತ್ತ ಕೇಳಿದ.

"ಬೈಗುಳ ಬೇಕಿದ್ರೆ ನಾಳೆ ನಿಲ್ಲಿಸ್ದೆ ಹೋಗಿ ನೋಡಿ."

"ಬೇಡಮ್ಮಾ, ಆ ಧೈರ್ಯ ನನಗಿಲ್ಲ."

ಡ್ರೈವರು ಮುಳಬಾಗಿಲಿನಲ್ಲಿ ತಿಂಡಿಗೆ ಇಳಿಯುತ್ತಿದ್ದ. ಅಷ್ಟು ಹೊತ್ತು ಇವರಿಬ್ಬರಿಗೂ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಯಲವಕುಂಟೆಗೆ ಸ್ಟಾಪ್ ಕೇಳುವ ಅರ್ಜಿಯ ಕೆಲಸ. ಶಾಮಲಾ ತನ್ನ ಮೊದಲ ಬರಹ ಕೊಟ್ಟಳು. 'ಕಣ್ಣಿದ್ದೂ ಕುರುಡರಾದ, ಕಿವಿಯಿದ್ದೂ ಕಿವುಡರಾದ ಅಧಿಕಾರಿಗಳ ಸನ್ನಿಧಾನಕ್ಕೆ' ಎಂದು ಶುರುವಾಗಿತ್ತು. ಚನ್ನರಾಯಪ್ಪನಿಗೆ ಕಾಫಿ ನೆತ್ತಿಗೇರಿತು.

"ನಗ್ಬೇಡಿ! ಅದರಲ್ಲಿ ಸುಳ್ಳೇನಿದೆ?"

"ಒಂದಕ್ಷರಾನೂ ಸುಳ್ಳಲ್ಲ. ಆದ್ರೆ ಬೈಸ್ಕೊಂಡೋನು ಬಸ್ ನಿಲ್ಲಿಸ್ತಾನಾ?"

"ನೀವು ನಿಲ್ಲಿಸಿದ್ರಲ್ಲ."

ಅವನು ಲೋಟದ ಅಂಚಿನ ಮೇಲಿಂದ ಅವಳನ್ನು ನೋಡಿದ. ಒಂದು ಗಳಿಗೆ ಹೆಚ್ಚೇ ನೋಡಿದ. "ನನ್ನ ಕತೆ ಬೇರೆ" ಎಂದು ಪೆನ್ಸಿಲ್ ಎತ್ತಿಕೊಂಡ. "ನಮಗೇನು ಕಷ್ಟ ಅಂತ ಆಮೇಲೆ ಬರೀರಿ. ನಿಲ್ಲಿಸಿದ್ರೆ ಅವರಿಗೇನು ಲಾಭ ಅಂತ ಮೊದ್ಲು ಬರೀರಿ. ಒಂದು ಅರ್ಜೀಲಿ ಒಂದೇ ಬೇಡಿಕೆ. ಇನ್ನೊಂದು ಮಾತು. ನನ್ನ ಹೆಸರು ಎಲ್ಲೂ ಬೇಡ."

"ಯಾಕೆ?"

ಅವನು ನಕ್ಕು ಲೋಟ ಕೆಳಗಿಟ್ಟ. ಸಂಕೋಚವಿರಬೇಕು ಎಂದುಕೊಂಡಳು.

ಊರಿನಲ್ಲಿ ಅರ್ಜಿ ಓದಿದಾಗ ಬೇರೆಯದೇ ಜಗಳ. ಶಾಮಲಾಳ ತಂದೆ ವೆಂಕಟರಮಣಪ್ಪ ಪಂಚಾಯ್ತಿ ಮೆಂಬರು. "ಹೆಂಗೂ ಕಾಗ್ದ ಹೋಗ್ತೈತೆ, ಬೋರ್‌ವೆಲ್ಲೂ ಸೇರ್ಸು" ಎಂದ. ಅದನ್ನು ಅವಳು ಹೇಗೋ ತಳ್ಳಿಹಾಕಿದಳು. ಇನ್ನೊಂದು ವಿಷಯದಲ್ಲಿ ಮಾತ್ರ ಅವನು ಜಗ್ಗಲಿಲ್ಲ.

"ದಿನಾ ಬಸ್ ನಿಲ್ಸೋ ಆ ಹುಡುಗನ ಹೆಸರೆಲ್ಲಿ? ಉಪಕಾರ ಮಾಡಿದೋನ ಹೆಸರು ನುಂಗಿಕೊಂಡು ನಾನು ಸೈನ್ ಹಾಕಲ್ಲ. ನಮ್ಮೂರಾಗೆ ಆ ಅಭ್ಯಾಸ ಇಲ್ಲ."

ಊರೆಲ್ಲ ಅದಕ್ಕೆ ಹೌದು ಎಂದಿತು. ಯಲವಕುಂಟೆಯಲ್ಲಿ ಮದುವೆಗೆ ಚೊಂಬು ಕೊಟ್ಟವರ ಹೆಸರನ್ನೂ ಕೂಗಿ ಹೇಳುತ್ತಾರೆ. ಶಾಮಲಾ ಎರಡು ಸಲ ಬೇಡವೆಂದಳು, ಮೂರನೆಯ ಸಲ ಸುಮ್ಮನಾದಳು. ನಿಜ ಹೇಳಬೇಕೆಂದರೆ ಆ ಹೆಸರನ್ನು ಟೈಪ್ ಮಾಡುವ ಆಸೆ ಅವಳಿಗೂ ಇತ್ತು. 'ನಿರ್ವಾಹಕರಾದ ಶ್ರೀ ಚನ್ನರಾಯಪ್ಪನವರು ಪ್ರತಿದಿನ ಬಸ್ಸನ್ನು ನಿಲ್ಲಿಸಿ ಉಪಕರಿಸುತ್ತಿದ್ದು, ಇದರಿಂದ ಕಾಲಹರಣವೇನೂ ಆಗಿರುವುದಿಲ್ಲ.' ಆ ಸಾಲನ್ನು ಅವಳು ಒಂದು ಅಕ್ಷರವೂ ತಪ್ಪದ ಹಾಗೆ ನಿಧಾನವಾಗಿ ಹೊಡೆದಳು.

ಒಂದು ಬೆಳಗ್ಗೆ ಬಸ್ಸು ನಿಲ್ಲಲಿಲ್ಲ. ಬಾಗಿಲಿನಲ್ಲಿ ಬೇರೆ ಕಂಡಕ್ಟರ್ ಇದ್ದ. ಆ ವಾರವೇ ವೆಂಕಟರಮಣಪ್ಪನಿಗೆ ಉತ್ತರ ಬಂತು. 'ಸದರಿ ಸ್ಥಳದಲ್ಲಿ ನಿಲುಗಡೆ ನೀಡಲು ಅವಕಾಶವಿರುವುದಿಲ್ಲ. ಅನಧಿಕೃತವಾಗಿ ವಾಹನ ನಿಲ್ಲಿಸುತ್ತಿದ್ದ ನಿರ್ವಾಹಕರನ್ನು ಅಮಾನತ್ತಿನಲ್ಲಿ ಇಡಲಾಗಿದೆ. ಮಾಹಿತಿ ನೀಡಿದ್ದಕ್ಕಾಗಿ ವಂದನೆಗಳು.'

ವಂದನೆಗಳಂತೆ! ಶಾಮಲಾಗೆ ಮೈಯೆಲ್ಲ ಉರಿದುಹೋಯಿತು. ಆಫೀಸಿನ ಮೇಲೆ, ಅಪ್ಪನ ಮರ್ಯಾದೆಯ ಮೇಲೆ, ತನ್ನ ಬೆರಳುಗಳ ಮೇಲೆ, ಕಾರಣ ಹೇಳದೆ ನಕ್ಕ ಅವನ ಮೇಲೆ ಕೋಪ ಬಂತು. ನಂಗಲಿಯವರೆಗೆ ನಡೆದು ಬಸ್ ಹಿಡಿದು ಮುಳಬಾಗಿಲಿಗೆ ಹೋದಳು. ಖಾಕಿ ಇಲ್ಲದ ಚನ್ನರಾಯಪ್ಪ ಅದೇ ಕ್ಯಾಂಟೀನಿನ ಮೂಲೆಯಲ್ಲಿ ಕೂತಿದ್ದ. ಈ ಸಲ ಸಿಟ್ಟಾಗಿದ್ದವನು ಅವನು.

"ಬೇಡ ಅಂತ ಹೇಳಿದ್ನಾ, ಇಲ್ವಾ?"

"ಯಾಕೆ ಬೇಡ ಅಂತ ಹೇಳಿದ್ರಾ? ಹಲ್ಲು ಕಿರಿದು ಕೂತ್ರೆ ನಮಗೆ ಹೆಂಗ್ರೀ ಗೊತ್ತಾಗುತ್ತೆ? ನಿಲ್ಲಿಸೋದು ತಪ್ಪು, ಕೆಲಸ ಹೋಗುತ್ತೆ ಅಂತ ಬಾಯ್ಬಿಟ್ಟು ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಹತ್ತುತ್ತಿದ್ರಾ?"

ಅವಳು ಆಫೀಸಿನ ಪತ್ರವನ್ನು ಮೇಜಿನ ಮೇಲೆ ಕುಕ್ಕಿದಳು.

"ನಿಮ್ಮ ಕೋಪ ನನಗೆ ಗೊತ್ತು" ಎಂದ ಅವನು, ಮೇಜನ್ನು ನೋಡುತ್ತ. "ನನಗೆ ತೊಂದ್ರೆ ಅಂತ ತಿಳಿದಿದ್ರೆ ಮಾರನೇ ದಿನವೇ ಬುಟ್ಟಿ ಹೊತ್ಕೊಂಡು ನಂಗಲಿಗೆ ನಡೀತಿದ್ರಿ. ಹುಣಸೆಮರದ ಕೆಳಗೆ ನೀವು ಇರ್ತಿರ್ಲಿಲ್ಲ. ನನಗೆ ಅದು ಬೇಕಾಗಿರ್ಲಿಲ್ಲ, ಅಷ್ಟೇ."

ಪಕ್ಕದಲ್ಲಿ ಯಾರೋ ಇಡ್ಲಿಗೆ ಚಟ್ನಿ ಕೇಳುತ್ತಿದ್ದರು. ಶಾಮಲಾಳ ಕಣ್ಣು ತುಂಬಿತು. ಅಳು ಬಂದದ್ದಕ್ಕೂ ಅವಳಿಗೆ ಸಿಟ್ಟೇ ಬಂತು. ಸೆರಗಿನಿಂದ ಒರೆಸಿಕೊಂಡು ಕುರ್ಚಿ ಎಳೆದು ಕೂತಳು.

"ಪೆನ್ಸಿಲ್ ಕೊಡಿ. ಇನ್ನೊಂದು ಬರೀತೀನಿ."

"ಈ ಸಲ ನನ್ನ ಹೊಗಳ್ಬೇಡಿ."

"ಹೊಗಳೋ ಅಂಥದ್ದು ನಿಮ್ಮಲ್ಲಿ ಏನೂ ಇಲ್ಲ. ಸುಮ್ನಿರಿ."

ಎರಡನೆಯ ಅರ್ಜಿಯಲ್ಲಿ ಬೈಗುಳವೂ ಇರಲಿಲ್ಲ, ಹೊಗಳಿಕೆಯೂ ಇರಲಿಲ್ಲ. ಕೋಪವನ್ನೆಲ್ಲ ಅವಳು ವಾಕ್ಯಗಳನ್ನು ಚಿಕ್ಕದು ಮಾಡಲು ಬಳಸಿದಳು. 'ಯಲವಕುಂಟೆಯಲ್ಲಿ ಬಸ್ಸು ನಿಂತ ದಿನಗಳಲ್ಲಿ ಹತ್ತಿದ ಪ್ರತಿಯೊಬ್ಬರೂ ನಂಗಲಿಯಿಂದ ಪೂರ್ತಿ ಟಿಕೆಟ್ ಪಡೆದಿರುತ್ತಾರೆ. ಸಂಸ್ಥೆಗೆ ಬಂದಿರುವುದು ಆದಾಯವೇ ಹೊರತು ನಷ್ಟವಲ್ಲ. ನಿಲ್ಲದ ದಿನಗಳಲ್ಲಿ ಈ ಆದಾಯ ರಸ್ತೆಬದಿಯಲ್ಲಿ ನಡೆದುಹೋಗುತ್ತಿದೆ. ನಡೆಯುವಾಗ ಕೈ ಮುರಿದುಕೊಂಡವರೊಬ್ಬರು ಈ ಅರ್ಜಿಯನ್ನು ತಂದಿದ್ದಾರೆ. ಸಾಕ್ಷಿಗೆ ಟಿಕೆಟ್ಟುಗಳನ್ನು ಲಗತ್ತಿಸಿದೆ.'

ಲಗತ್ತಿಸಲು ಟಿಕೆಟ್ಟುಗಳು ಇದ್ದೇ ಇದ್ದವು. ಎಲೆಅಡಿಕೆ ಚೀಲಗಳಿಂದ, ಸಾಸಿವೆ ಡಬ್ಬಿಗಳಿಂದ, ದೇವರ ಪಟಗಳ ಹಿಂದಿನಿಂದ ಊರಿನ ಹೆಂಗಸರು ಅವನ್ನು ತೆಗೆದು ತಂದು ಜಗುಲಿಯ ಮೇಲೆ ಸುರಿದರು. ಅಡಿಕೆಯ ವಾಸನೆ ಹೊಡೆಯುತ್ತಿದ್ದ ಆ ರಾಶಿಯನ್ನು ಶಾಮಲಾ ದಾರದಲ್ಲಿ ಪೋಣಿಸಿದಳು.

ಈ ಸಲ ಅಂಚೆಗೆ ಹಾಕಲಿಲ್ಲ. ಹೆಂಗಸರೆಲ್ಲ ಹೊರಟು ಕೋಲಾರದ ಆಫೀಸಿಗೇ ಹೋದರು. ಅಮಾನತ್ತಾದವರು ಬಂದು ಸಹಿ ಹಾಕಿ ಹೋಗಬೇಕಾದ್ದರಿಂದ ಚನ್ನರಾಯಪ್ಪನೂ ಅಲ್ಲಿ ವರಾಂಡದಲ್ಲಿದ್ದ. ಅವಳು ನೋಡಿಯೂ ನೋಡದವಳಂತೆ ಒಳಗೆ ನಡೆದಳು.

"ಕಾಗ್ದ ಇಟ್ಟು ಹೋಗಿ, ನೋಡೋಣ" ಎಂದರು ಸಾಹೇಬರು, ತಲೆ ಎತ್ತದೆ.

"ಈಗಲೇ ಓದಿ ಸಾರ್. ನಾವು ಕಾಯ್ತೀವಿ. ರಸ್ತೆಬದೀಲಿ ಕಾದೂ ಕಾದೂ ನಮಗೆ ಅಭ್ಯಾಸ ಆಗಿದೆ."

ಮುನಿಗಂಗಮ್ಮ ಸೊಟ್ಟ ಕೈಯನ್ನು ಮೇಜಿನ ಮೇಲಿಟ್ಟಳು, ಬಲಗೈಯಿಂದ ಟಿಕೆಟ್ಟಿನ ಸರವನ್ನು ಅದರ ಪಕ್ಕಕ್ಕೆ ಹಾಕಿದಳು. "ಸರ್ಕಾರಿ ಮುದ್ರೆ ಐತೆ ನಾಯನಾ. ಒಂದೂ ಬಿಸಾಕಿಲ್ಲ."

ಸಾಹೇಬರು ಓದಿದರು. ಸರವನ್ನು ತಿರುವಿ ನೋಡಿದರು, ಮತ್ತೆ ಓದಿದರು. ಆಮೇಲೆ ಕನ್ನಡಕ ತೆಗೆದು ಶಾಮಲಾಳನ್ನು ನೋಡಿ ಕೇಳಿದರು: "ಅಮಾನತ್ತಾದ ಒಬ್ಬ ಕಂಡಕ್ಟರಿಗೋಸ್ಕರ ಇಷ್ಟು ಜನ ಬಂದಿದ್ದೀರಲ್ಲ. ಆತ ನಿಮಗೇನಾಗ್ಬೇಕು?"

ಅವಳು ಕೂಡಿಹಾಕಿಕೊಂಡಿದ್ದ ಕೋಪವೆಲ್ಲ ಒಟ್ಟಿಗೆ ನಾಲಿಗೆಗೆ ಬಂತು.

"ಇನ್ನೂ ಏನೂ ಆಗಿಲ್ಲ ಸಾರ್! ಕೆಲಸ ಇಲ್ಲದೋನಿಗೆ ಹೆಣ್ಣು ಕೊಡಲ್ಲ ಅಂತ ನಮ್ಮಪ್ಪ ಹೇಳೋಕೆ ಮುಂಚೆ ನೀವು ಆರ್ಡರ್ ಕೊಟ್ರೆ, ಆಗ್ಬಹುದು!"

ವರಾಂಡದಲ್ಲಿ ಏನೋ ದಡಾರನೆ ಬಿದ್ದ ಸದ್ದಾಯಿತು. ಚನ್ನರಾಯಪ್ಪ ಬೆಂಚಿನಿಂದ ಎದ್ದ ರಭಸಕ್ಕೆ ಬೆಂಚೇ ಉರುಳಿತ್ತು. ಮುನಿಗಂಗಮ್ಮ ಬಾಗಿಲಿನತ್ತ ತಿರುಗಿದಳು. "ಯಾವೂರು ನಾಯನಾ ನಿಂದು? ಯಾರ ಪೈಕಿ?"

"ಶ್ರೀನಿವಾಸಪುರದ ಕಡೆ ಅಮ್ಮಾ" ಎಂದ ಅವನು. ಬಿದ್ದ ಬೆಂಚನ್ನು ಎತ್ತಿ ನಿಲ್ಲಿಸಿದ.

ಸಾಹೇಬರು ನಗಲಿಲ್ಲ. "ಪರಿಶೀಲಿಸ್ತೀನಿ, ಹೋಗ್ಬನ್ನಿ" ಎಂದರು. ಆದರೆ ಟಿಕೆಟ್ಟಿನ ಸರವನ್ನು ಫೈಲಿನೊಳಗೇ ಇಟ್ಟುಕೊಂಡರು.

ಇನ್ಸ್‌ಪೆಕ್ಟರ್ ಬಂದು ಹುಣಸೆಮರದ ಕೆಳಗೆ ನಿಂತು ಏನೇನೋ ಬರೆದುಕೊಂಡು ಹೋದ. ಚನ್ನರಾಯಪ್ಪನಿಗೆ ಕೆಲಸ ವಾಪಸ್ಸು ಸಿಕ್ಕಿತೆಂದೂ, ಒಂದು ಇನ್‌ಕ್ರಿಮೆಂಟ್ ಹೋಯಿತೆಂದೂ, ಚಿಂತಾಮಣಿ ರೂಟಿಗೆ ಹಾಕಿದ್ದಾರೆಂದೂ ಕ್ಯಾಂಟೀನಿನವನು ಹೇಳಿದ. ಅವನು ಮಾತ್ರ ಬರಲಿಲ್ಲ. ಸಾಹೇಬರ ಮುಂದೆ ಮಾನ ಬಿಟ್ಟು ಕೂಗಿದವಳು ನಾನು, ಒಂದು ಮಾತು ಹೇಳಲು ಇವನಿಗೆ ಬಾಯಿಲ್ಲವೇ? ಶಾಮಲಾ ಟೈಪ್‌ರೈಟರಿನ ಮೇಲೆ ಎಷ್ಟು ಜೋರಾಗಿ ಹೊಡೆಯತೊಡಗಿದಳೆಂದರೆ ರಿಬ್ಬನ್ ಹರಿಯಿತು.

ಬೇಸಿಗೆಯಲ್ಲಿ ಬೋರ್ಡು ಬಂತು. ಹಳದಿ ಬಣ್ಣದ ಮೇಲೆ ಕಪ್ಪು ಅಕ್ಷರದಲ್ಲಿ 'ಯಲವಕುಂಟೆ ಗೇಟ್, ಕೋರಿಕೆ ನಿಲುಗಡೆ' ಎಂದಿತ್ತು. ವೆಂಕಟರಮಣಪ್ಪ ಅದಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದ. ಅವತ್ತು ಸಂಜೆ ಸಂತೆಯಿಂದ ಬರುವ ಅತ್ತೆಯನ್ನು ಕರೆದೊಯ್ಯಲು ಶಾಮಲಾ ಬೋರ್ಡಿನ ಕೆಳಗೆ ನಿಂತಿದ್ದಳು.

"ಹೋಲ್ಡಾನ್, ಯಲವಕುಂಟೆ!"

ಕೂಗಿದ್ದು ಬೇರೆ ಕಂಡಕ್ಟರ್. ಮೊದಲು ಅತ್ತೆಯ ಖಾಲಿ ಬುಟ್ಟಿ ಇಳಿಯಿತು, ಆಮೇಲೆ ಅತ್ತೆ. ಅವಳ ಹಿಂದೆ ಚೀಲ ಹಿಡಿದ ಒಬ್ಬ ಹೆಂಗಸು, ಚೀಲದ ಬಾಯಲ್ಲಿ ಬಾಳೆಹಣ್ಣು, ಹೂವು. ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಚನ್ನರಾಯಪ್ಪ ಇಳಿದ.

"ನಮ್ಮಮ್ಮ" ಎಂದ ಅವನು, ಪಕ್ಕದಲ್ಲಿದ್ದವಳನ್ನು ತೋರಿಸಿ.

ಶಾಮಲಾ ಆ ತಾಯಿಗೆ ಕೈ ಮುಗಿದಳು. ಮುಗಿದ ಕೈ ಇಳಿಸಿ ಅವನತ್ತ ತಿರುಗುವಷ್ಟರಲ್ಲಿ ಮೂಗಿನ ತುದಿ ಕೆಂಪಾಗಿತ್ತು.

"ಇಷ್ಟು ದಿನ ಎಲ್ಲಿ ಸತ್ತಿದ್ರಿ?"

"ಇಲ್ಲಿ ಸ್ಟಾಪ್ ಇರ್ಲಿಲ್ವಲ್ಲ. ಇನ್ನೊಂದು ಸಲ ರೂಲ್ಸ್ ಮೀರಿ ಇಳಿದ್ರೆ, ನಿಮ್ಮಪ್ಪ ಅದನ್ನೂ ಆಫೀಸಿಗೆ ಬರೆದು ಹಾಕ್ತಾರೆ ಅಂತ ಬೋರ್ಡು ಬರೋವರೆಗೂ ಕಾದೆ."

ಬೈಯಲು ಅವಳು ಬಾಯಿ ತೆರೆದಳು. ಬಂದದ್ದು ನಗು. ಅದನ್ನು ಮುಚ್ಚಲು ಮುಖ ತಿರುಗಿಸಿ, ಅವನ ಕೈಯಲ್ಲಿದ್ದ ಟಿಕೆಟ್ ಕಿತ್ತುಕೊಂಡಳು. ಮುಳಬಾಗಿಲಿನಿಂದ ಯಲವಕುಂಟೆ ಗೇಟಿಗೆ ಹರಿದ ಟಿಕೆಟ್ ಅದು.

"ಇಳಿದಾಯ್ತಲ್ಲ, ಇನ್ಯಾಕೆ ಅದು? ಬಿಸಾಕಿ" ಎಂದ ಅವನು.

"ನಮ್ಮೂರಲ್ಲಿ ಬಿಸಾಕಲ್ಲ" ಎಂದು ಅದನ್ನು ಮಡಿಸಿ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಶಾಮಲಾ ಮನೆಯ ದಾರಿ ತೋರಿಸುತ್ತ ಮುಂದೆ ನಡೆದಳು.