ತಣ್ಣನೆಯ ಬಲ್ಬು

2025ರ ಜುಲೈ 15, ಮಂಗಳವಾರ ಬೆಳಿಗ್ಗೆ 9.40ಕ್ಕೆ ಮಾಗಳದ ಸುಮಂಗಲಾ ಹಡಗಲಿ ಠಾಣೆಗೆ ದೂರು ತಂದಳು. ಅವಳ ಗಂಡ ಭೀಮೇಶ್ ನದಿ ದಂಡೆಯ ಪಂಪ್‌ಹೌಸಿನಲ್ಲಿ ಆಪರೇಟರ್. ಹಿಂದಿನ ದಿನ ಪ್ಯಾನೆಲ್ ಮುಟ್ಟಿ ಕರೆಂಟು ಹೊಡೆದು ಸತ್ತಿದ್ದ. ಕುಡಿದಿದ್ದ ಎಂದು ಊರು ಮಾತಾಡುತ್ತಿತ್ತು.

“ನನ್ನ ಗಂಡ ಕುಡೀತಿದ್ದಿಲ್ರಿ. ಅದನ್ನ ಬರಕೊಳ್ರಿ ಮೊದ್ಲು.”

ಪಿಎಸ್‌ಐ ಶೈಲಾ ಬರೆದುಕೊಂಡಳು. ಅಸ್ವಾಭಾವಿಕ ಮರಣ ಎಂದು ಪ್ರಕರಣ ದಾಖಲಾಯಿತು.

11.20ಕ್ಕೆ ಶೈಲಾ, ಹೆಡ್ ಕಾನ್‌ಸ್ಟೆಬಲ್ ಯರ್ರಿಸ್ವಾಮಿ ಮತ್ತು ವಿದ್ಯುತ್ ಪರಿವೀಕ್ಷಕರು ಸ್ಥಳಕ್ಕೆ ಹೋದರು. ನದಿ ತುಂಬಿತ್ತು. ಗೋಡೆಗಳು ಬೆವರುತ್ತಿದ್ದವು. ಮೋಟಾರಿನ ಕರೆಂಟು ತೆಗೆಸಿ ಪರಿವೀಕ್ಷಕರು ಪ್ಯಾನೆಲ್ ತೆರೆದರು. ಒಳಗಿನ ವಾರ್ನಿಷ್ ಮೇಲೆ ಹಸಿರು ಬೂಷ್ಟು ಹಬ್ಬಿತ್ತು. ಬೂಷ್ಟು ತಿಂದ ಕಡೆ ವಾರ್ನಿಷ್ ಪೊರೆಯಂತೆ ಏಳುತ್ತಿತ್ತು. ಆ ತೇವದ ದಾರಿ ಹಿಡಿದು ಕರೆಂಟು ತಗಡಿನ ಬಾಗಿಲಿಗೆ ಇಳಿದಿತ್ತು.

ಮಳೆಗಾಲದಲ್ಲಿ ಹೀಗಾಗದಿರಲೆಂದೇ ಪ್ಯಾನೆಲ್ ಒಳಗೆ ನೂರು ವಾಟಿನ ತಂತಿ ಬಲ್ಬು ಹಗಲೂ ರಾತ್ರಿ ಉರಿಸುತ್ತಾರೆ, ಅದರ ಕಾವಿಗೆ ತೇವ ಕೂರುವುದಿಲ್ಲ ಎಂದರು ಪರಿವೀಕ್ಷಕರು. ಬಲ್ಬು ಬೇರೆ ಲೈನಿನಲ್ಲಿ ಹಳದಿಯಾಗಿ ಉರಿಯುತ್ತಲೇ ಇತ್ತು. ಒಂದು ದಿನವೂ ಆರಿಲ್ಲ ಎಂದ ಇನ್ನೊಬ್ಬ ಆಪರೇಟರ್ ಪಾಲಾಕ್ಷಪ್ಪ.

ಯರ್ರಿಸ್ವಾಮಿ ಕೈಚಾಚಿ ಬಲ್ಬನ್ನು ಹಿಡಿದ. ಹಿಡಿದೇ ನಿಂತ.

“ಮೇಡಂ, ಇದು ಸುಡವಲ್ದು. ನಮ್ಮ ಮನಿಯಾಕಿ ಕೊಡೋ ಚಾದಷ್ಟೂ ಬಿಸಿ ಇಲ್ಲ.”

ಎಲ್‌ಇಡಿ. ಸುತ್ತ ಎಲ್ಲಕ್ಕೂ ಬೂಷ್ಟು, ಅದೊಂದು ಹೊಸದು. ಬುಡದಲ್ಲಿ ಅಂಗಡಿಯವರು ಗ್ಯಾರಂಟಿಗೆಂದು ಬರೆದ ತಾರೀಖು: 21-6. ಶೈಲಾ ಅದನ್ನು ಪಂಚನಾಮೆಗೆ ಸೇರಿಸಿದಳು.

ಬುಧವಾರ ಶವಪರೀಕ್ಷೆಯ ವರದಿ ಬಂತು. ಮದ್ಯದ ಸುಳಿವಿಲ್ಲ. ಹಡಗಲಿಯಲ್ಲಿ ವಿಚಾರಿಸಿದ ನಾಲ್ಕನೆಯ ಅಂಗಡಿಯವ ಬಲ್ಬಿನ ಮೇಲಿನ ತನ್ನ ಕೈಬರಹ ಗುರುತಿಸಿದ. ಗಿರಾಕಿ ಮೊದಲು ತಂತಿ ಬಲ್ಬು ಕೇಳಿದ್ದನಂತೆ. ಅದೀಗ ಬರುವುದಿಲ್ಲ ಎಂದಾಗ, ಬೆಳಕು ಹಳದಿಯೇ ಇರಬೇಕೆಂದು ಹುಡುಕಿ ಇದನ್ನು ಒಯ್ದನಂತೆ. ಫೋಟೊ ತೋರಿಸಿದರು. ಪಾಲಾಕ್ಷಪ್ಪ. ಸಂಜೆ ಎಫ್‌ಐಆರ್ ಆಯಿತು.

ಗುರುವಾರ ಬೆಳಿಗ್ಗೆ 7.30. ಪಾಲಾಕ್ಷಪ್ಪನ ಮನೆಯ ಒಳಕೋಣೆಯಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮಗಳು ಪುಷ್ಪಲತಾಳ ಕೂಸು. ಮೇಲೆ ನೂರು ವಾಟಿನ ತಂತಿ ಬಲ್ಬು ಉರಿಯುತ್ತಿತ್ತು.

“ಪಂಪ್‌ಹೌಸಿಂದ ಇದನ್ನ ಯಾವಾಗ ತಂದಿ?” ಶೈಲಾ ಕೇಳಿದಳು.

“ಆಸ್ಪತ್ರಿಯಿಂದ ಕೂಸು ಬಂದ ದಿನರಿ. ಕಾವು ಕೊಡ್ರಿ ಅಂದಿದ್ರು.”

“ಅಲ್ಲಿ ಇನ್ನೊಂದು ಯಾಕ ಹಾಕಿದಿ?”

“ಪ್ಯಾನೆಲ್ ಬಾಗ್ಲಾ ಸಂದ್ಯಾಗ ಬೆಳಕು ಕಾಣದಿದ್ರ ಭೀಮೇಶ ತೆಗೆದು ನೋಡ್ತಿದ್ದ.”

“ಅವಗ ಹೇಳಬಹುದಿತ್ತು.”

“ಹೇಳಿದ್ರ ಮೋಟ್ರು ಬಂದ್ ಮಾಡ್ತಿದ್ನರಿ. ಅಂಥಾ ಹುಷಾರು ಮನುಷ್ಯ. ಊರಿಗೆ ನೀರು ನಿಂತ್ರ ಬಲ್ಬು ಎಲ್ಲಿ ಅಂತ ಎಲ್ಲಾರೂ ಕೇಳ್ತಿದ್ರು.”

“ಕುಡದಿದ್ದ ಅಂತ ಹೇಳಿದವರು ಯಾರು?”

ಪಾಲಾಕ್ಷಪ್ಪ ಬುಟ್ಟಿಯ ಬಟ್ಟೆ ಸರಿಮಾಡಿದ.

“ನಾನರಿ.”

ಶೈಲಾ ಮೊದಲು ಪುಷ್ಪಲತಾಳನ್ನೂ ಕೂಸನ್ನೂ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದಳು. ಆಮೇಲೆ ಬಲ್ಬು ಬಿಚ್ಚಿಸಿದಳು. ಬಟ್ಟೆ ಸುತ್ತಿದರೂ ಯರ್ರಿಸ್ವಾಮಿಯ ಕೈ ಸುಟ್ಟಿತು. 8.25ಕ್ಕೆ ಬಂಧನ. ಪಾಲಾಕ್ಷಪ್ಪನ ಹೇಳಿಕೆಯನ್ನು ಮಧ್ಯಾಹ್ನ ಸುಮಂಗಲಾಳಿಗೆ ಓದಿ ಹೇಳಿದರು. ‘ಹುಷಾರು ಮನುಷ್ಯ’ ಎಂಬಲ್ಲಿಗೆ ಬಂದಾಗ ಅವಳು ಇನ್ನೊಮ್ಮೆ ಓದಿಸಿದಳು.

ಪುಷ್ಪಲತಾಳ ಮೊದಲ ಎರಡು ಕೂಸುಗಳು ಉಳಿದಿರಲಿಲ್ಲ. ಆಸ್ಪತ್ರೆಯ ಚೀಟಿಯಂತೆ ಈ ಕೂಸು ಜೂನ್ ಹತ್ತರಂದು ಹುಟ್ಟಿದಾಗ ಒಂದು ಕಿಲೋ ಆರುನೂರು ಗ್ರಾಂ ಇತ್ತು. ಬಂಧನದ ದಿನ ತೂಗಿದಾಗ ಎರಡು ಕಿಲೋ ಮುನ್ನೂರು.